ಕಿವಿ ಮೆಷಿನ್ನಿನ ಸೀಲು ಒಡೆದ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತೊಂಬತ್ತು, ಕಸುಬು ಈಗ ಏನೂ ಇಲ್ಲ, ಮೊದಲು ದಾರದ ಗಿರಣಿಯ ರವಾನೆ ವಿಭಾಗದಲ್ಲಿ ಗುಮಾಸ್ತ, ವಿದ್ಯಾಭ್ಯಾಸ ಸಂಜೆ ಕಾಲೇಜಿನಲ್ಲಿ ಬಿ.ಕಾಂ., ಪತ್ನಿ ತೀರಿಕೊಂಡು ಮೂರು ವರ್ಷ, ವಾಸ ಬಣ್ಣದ ಡಬ್ಬಿಗಳ ಗೋಡೌನಿನ ಮೇಲಿನ ಮಹಡಿ, ಮೆಟ್ಟಿಲು ಹತ್ತಿದರೆ ಎಡಗಡೆಯ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ಠಾಣೆಯಲ್ಲಿ ಪ್ರಶ್ನೆ ಕೇಳಿ ಅವರೇ ಬರೆದುಕೊಳ್ಳುವುದು ಪದ್ಧತಿಯಂತೆ. ಆದರೆ ಬರಹಗಾರರಾದ ಪೇದೆಯವರು ಎರಡು ಪ್ರಶ್ನೆ ಕೂಗಿ ಕೇಳುವಷ್ಟರಲ್ಲಿ ಅವರ ಗಂಟಲು ಕಟ್ಟಿತು. ಯಜಮಾನರೇ, ನೀವೇ ಬರೆದುಬಿಡಿ, ಆದರೆ ಆದದ್ದನ್ನು ಆದ ಕ್ರಮದಲ್ಲಿ ಬರೆಯಿರಿ, ಪುರಾಣ ಬೇಡ ಅಂತ ಕಾಗದ ಕೊಟ್ಟರು. ಆದ್ದರಿಂದ ಇದು ಉದ್ದ ಆಗಿದ್ದರೆ ತಪ್ಪು ಅವರದಲ್ಲ.

ಗಿರಣಿಯ ಸದ್ದಿನಲ್ಲಿ ಮೂವತ್ತೊಂದು ವರ್ಷ ಕೂತು ನನ್ನ ಬಲಗಿವಿ ಹೆಸರಿಗೆ ಮಾತ್ರ ಉಳಿದಿದೆ. ಎಡಗಿವಿ ಮೆಷಿನ್ ಹಾಕಿದರೆ ಕೆಲಸ ಮಾಡುತ್ತದೆ. ಮೆಷಿನ್ ಕೊಡಿಸಿದ್ದು ಮಗಳು, ಹೋದ ವರ್ಷ. ಒಂದು ವರ್ಷದ ವಾರಂಟಿ, ಈ ತಿಂಗಳು ಮೂವತ್ತಕ್ಕೆ ಮುಗಿಯುತ್ತದೆ. ಹೋದ ತಿಂಗಳಿಂದ ಅದು ಕರಕರ ಅನ್ನತೊಡಗಿ, ಕೊನೆಗೆ ಏನೂ ಅನ್ನದಾಯಿತು. ಇದೇ ತಿಂಗಳು ಹತ್ತನೇ ತಾರೀಕು ಮಂಗಳವಾರ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿಯ ಕೌಂಟರಿನ ಹೆಣ್ಣುಮಗಳು ಮೆಷಿನ್ ನೋಡಿ, ಇದು ಹೋಗಿದೆ ಅಂಕಲ್, ಈ ಮಾಡೆಲ್ಲೂ ಈಗ ಬರೋದಿಲ್ಲ, ವಾರಂಟಿ ಇರೋದರಿಂದ ಇದಕ್ಕೆ ಸಮನಾದದ್ದು ಅಥವಾ ಇದಕ್ಕಿಂತ ಒಳ್ಳೇದು ಕೊಡಬೇಕು ಅಂತ ರೂಲ್ ಇದೆ, ನಿಮ್ಮ ಅದೃಷ್ಟ ಒಳ್ಳೇದೇ ಇದೆ ಅಂತ ಬೇರೊಂದನ್ನು ಕಿವಿಗೆ ಹಾಕಿದರು. ಹೊಸ ಮೆಷಿನ್ನಿಗೆ ಅಕ್ಕಿಕಾಳಿನಷ್ಟು ದಪ್ಪದ ಒಂದು ಗುಂಡಿ, ಮೂರು ಜಾಗ: ಎಂ, ಟಿ, ಓ. ಎಂ ಅಂದರೆ ಮಾಮೂಲಿ, ಓ ಅಂದರೆ ಬಂದ್. ಟಿ ಏನು ತಾಯಿ ಅಂತ ಕೇಳಿದೆ. ಅದು ನಿಮಗೆ ಬೇಕಾಗೋದಿಲ್ಲ ಅಂತ ಹೇಳಿದರು.

ಹನ್ನೊಂದನೇ ತಾರೀಕು ಬುಧವಾರ ಮಧ್ಯಾಹ್ನ ಊಟ ಮುಗಿಸಿ, ಸುಮಾರು ಎರಡೂವರೆಗೆ, ಒಳಕೋಣೆಯಲ್ಲಿ ನನ್ನ ಪತ್ನಿ ಮಲಗುತ್ತಿದ್ದ ಮಂಚದ ಮೇಲೆ ಕೂತೆ. ಆ ಮಂಚ ಪಕ್ಕದ ಮನೆಯ ಗೋಡೆಗೆ ತಾಗಿಕೊಂಡಿದೆ. ಕಿವಿಯ ಹಿಂದೆ ನವೆಯಾಗಿ ಕೆರೆದುಕೊಳ್ಳುವಾಗ ಬೆರಳು ತಾಗಿ ಗುಂಡಿ ಸರಿಯಿತು. ಆ ಕ್ಷಣಕ್ಕೆ ಫ್ಯಾನಿನ ಸದ್ದು ಹೋಯಿತು, ಬೀದಿ ಹೋಯಿತು, ಕೆಮ್ಮಿದರೆ ನನ್ನ ಕೆಮ್ಮೂ ನನಗೆ ಕೇಳಿಸಲಿಲ್ಲ. ಹತ್ತಿ ತುಂಬಿದ ಮೂಟೆಯೊಳಗೆ ಕೂತ ಹಾಗೆ. ನಂತರ ಯಾವುದೋ ಧಾರಾವಾಹಿಯ ಸಂಗೀತ ಬಂತು, ಕಿವಿಯೊಳಗೇ, ಹೊರಗಿನಿಂದಲ್ಲ. ಅದು ಟಪ್ ಅಂತ ನಿಂತಿತು. ಆಮೇಲೆ ಒಬ್ಬ ಹೆಂಗಸಿನ ಧ್ವನಿ, ಹಲೋ, ಅಂತು. ಸ್ವಲ್ಪ ಬಿಟ್ಟು ಮತ್ತೆ, ಹಲೋ, ಲೈನಿನಲ್ಲಿ ಇದ್ದೀರಾ, ಅಂತು.

ಇದನ್ನು ಮುಚ್ಚಿಡುವುದು ಬೇಡ: ಮೊದಲ ಒಂದು ಗಳಿಗೆ ನನ್ನ ಪತ್ನಿಯೇ ಅಂದುಕೊಂಡೆ. ಆದರೆ ಅವಳು ಹಲೋ ಅನ್ನುವ ಜಾತಿಯವಳಲ್ಲ. ರೀ ಅಂದರೆ ಮುಗಿಯಿತು, ನಾನು ಇದ್ದೀನಾ ಇಲ್ಲವಾ ಅಂತ ಎಂದೂ ಕೇಳಿದವಳಲ್ಲ, ಇರಬೇಕು ಅಷ್ಟೆ. ಮೆಷಿನ್ ಕಿವಿಯಿಂದ ತೆಗೆದೆ, ಧ್ವನಿ ಇಲ್ಲ. ಹಾಕಿಕೊಂಡೆ, ಇದೆ. ಅಡುಗೆಮನೆಗೆ ಹೋದೆ, ಕ್ಷೀಣವಾಗಿ ಸತ್ತೇಹೋಯಿತು. ಮಂಚದ ಹತ್ತಿರ ಬಂದೆ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ನಾನು ಗುಂಡಿಯನ್ನು ಎಂಗೆ ತಂದು, ಫ್ಯಾನಿನ ಸದ್ದು ಕೇಳುತ್ತಾ, ಸಂಜೆಯವರೆಗೆ ಮುಂದಿನ ಕೋಣೆಯಲ್ಲೇ ಕೂತಿದ್ದೆ.

ಹನ್ನೆರಡನೇ ತಾರೀಕು ಗುರುವಾರ ಅದೇ ಹೊತ್ತಿಗೆ ಮತ್ತೆ ಟಿಗೆ ಹಾಕಿದೆ. ಹಲೋ, ಹಲೋ. ಕೂತು ಪೂರ್ತಿ ಕೇಳಿದ ಮೇಲೆ ಧ್ವನಿ ಯಾರದೆಂದು ಗೊತ್ತಾಯಿತು. ಪಕ್ಕದ ಮನೆಯ ಟೆಲಿಫೋನ್ ಅಕ್ಕ. ಇವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಮದುವೆ ಇಲ್ಲ, ನನಗಿಂತ ಐದಾರು ವರ್ಷ ಚಿಕ್ಕವರು, ಕಿವಿ ನನಗಿಂತ ಕೆಟ್ಟದ್ದು. ಮನೆ ಅವರ ಹೆಸರಿನಲ್ಲಿದೆ. ಜೊತೆಗಿರುವುದು ಅವರ ತಮ್ಮ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ, ಎಲ್ಲರೂ ಡ್ರೈವಿಂಗ್ ಮೇಷ್ಟ್ರು ಅಂತಲೇ ಕರೆಯುವುದು. ಅಕ್ಕ ಒಂದೂವರೆ ತಿಂಗಳಿಂದ ಕಂಡಿರಲಿಲ್ಲ. ಚಿಕ್ಕಮ್ಮನ ಊರಿಗೆ ಹೋದರು ಅಂತ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ್ದರು.

ಊರಿಗೆ ಹೋದವರ ಧ್ವನಿ ಗೋಡೆಯಲ್ಲಿ ಯಾಕೆ ಉಳಿಯಿತು ಅಂತ ತಿಳಿಯದೆ, ಏನು ಮಾಡುತ್ತಿದ್ದೇನೆ ಅನ್ನುವ ಯೋಚನೆಯೂ ಇಲ್ಲದೆ, ಬೆರಳಿನ ಗೆಣ್ಣಿನಿಂದ ಗೋಡೆಗೆ ಮೆಲ್ಲಗೆ ಮೂರು ಸಲ ತಟ್ಟಿದೆ. ಧ್ವನಿ ನಿಂತಿತು. ಬಹಳ ಹೊತ್ತು ಬರೀ ಉಸಿರು. ಆಮೇಲೆ, ಗೋಡೆ ಅದುರಿತಲ್ಲ, ಯಾರೋ ತಟ್ಟಿದಿರಲ್ಲ, ಅಂತು. ಸ್ವಲ್ಪ ತಡೆದು, ಲೈನ್ ಕಟ್ ಮಾಡಬೇಡಿ, ಅಂತು.

ಅದೇ ದಿನ ಸಂಜೆ ಆರೂಕಾಲಿಗೆ ಮೇಷ್ಟ್ರು ಬಂದಾಗ ಮೆಟ್ಟಿಲ ಬಳಿ ನಿಲ್ಲಿಸಿ, ಅಕ್ಕ ಬಂದಿದ್ದಾರಾ ಅಂತ ಕೇಳಿದೆ. ಇಲ್ಲವಲ್ಲ ಅಂಕಲ್, ಯಾಕೆ, ಅಂದರು. ಧ್ವನಿ ಕೇಳಿಸಿದ ಹಾಗಾಯಿತು ಅಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ನನ್ನ ಕಿವಿಯ ಹಿಂದೆ ಬಗ್ಗಿ ನೋಡಿ, ಮೆಷಿನ್ ಹೊಸದಾ, ವಾರಂಟಿ ಇದೆಯಾ, ಅಂದರು. ಇದೆ ಅಂದೆ. ಹಾಗಾದರೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ, ಕೆಟ್ಟ ಮಾಲು ಕೊಟ್ಟಿದ್ದಾರೆ, ರೇಡಿಯೋನೋ ಇನ್ನೊಂದೋ ಹಿಡಿಯುತ್ತಿದೆ, ವಾರಂಟಿ ಇರುವಾಗ ಬಿಡಬಾರದು, ಶನಿವಾರ ನನಗೆ ಬಿಡುವು, ನಾನೇ ಕರಕೊಂಡು ಹೋಗುತ್ತೇನೆ, ನೀವೇನು ಬಸ್ಸಿನಲ್ಲಿ ಒದ್ದಾಡಬೇಡಿ ಅಂದರು. ಹೆತ್ತ ಮಗನೂ ಇಷ್ಟು ಮುತುವರ್ಜಿ ವಹಿಸುವುದಿಲ್ಲ ಅಂತ ನನಗೆ ಅನಿಸಿತು.

ಇಲ್ಲಿ ಓದುವವರು, ಆಗಲೇ ಠಾಣೆಗೆ ಯಾಕೆ ಬರಲಿಲ್ಲ ಅಂತ ಕೇಳಬಹುದು. ಬಂದು ಏನು ಹೇಳಲಿ? ವಾರಂಟಿಯೊಳಗಿನ ಮೆಷಿನ್ ಎಂದರೆ ಅದರ ಮೇಲೆ ಎಲ್ಲರಿಗೂ ಅನುಮಾನ, ಯಜಮಾನನಿಗೂ ಸಹ. ಏನು ಕೇಳಿಸಿದರೂ ಕೆಟ್ಟಿದೆ, ಕೊಟ್ಟು ಬದಲಾಯಿಸಿಕೋ ಅನ್ನುವುದೇ ಬಾಯಿಗೆ ಬರುತ್ತದೆ. ನಾನೂ ಹಾಗೇ ಅಂದುಕೊಂಡೆ.

ಹದಿನಾಲ್ಕನೇ ತಾರೀಕು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಷ್ಟ್ರು ನನ್ನನ್ನು ಸ್ಕೂಟರಿನಲ್ಲಿ ಸರ್ವಿಸ್ ಸೆಂಟರಿಗೆ ಕರೆದುಕೊಂಡು ಹೋದರು. ಅದೇ ಹೆಣ್ಣುಮಗಳು. ನಮ್ಮಲ್ಲಿ ಕಂಪ್ಲೇಂಟ್ ಮೂರೇ ಥರ ಅಂಕಲ್, ಸೌಂಡ್ ಇಲ್ಲ, ಸೌಂಡ್ ಕಮ್ಮಿ, ಬೇಡದ ಸೌಂಡ್, ಇದರಲ್ಲಿ ಯಾವುದು ಹೇಳಿ, ಅಂದರು. ಧ್ವನಿ ತಾಯಿ, ಒಬ್ಬರು ಮಾತಾಡುತ್ತಾರೆ, ಅಂದೆ. ಮಾತಾಡೋದು ಅನ್ನೋ ಕಾಲಂ ನಮ್ಮಲ್ಲಿಲ್ಲ ಅಂದರು. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, ಬೇಡದ ಸೌಂಡ್ ಅಂತ ಹಾಕಿಕೊಳ್ಳಿ ಮೇಡಂ, ಅಂದರು. ಅವರು ಹಾಕಿಕೊಂಡರು.

ಟಿ ಅನ್ನುವುದು ದೊಡ್ಡ ಸಭಾಂಗಣಗಳಲ್ಲಿ ನೆಲದ ಸುತ್ತ ವೈರು ಎಳೆದು ಕಿವಿ ಕೇಳದವರಿಗೆ ನೇರ ಮೈಕಿನ ಮಾತು ಕೇಳುವಂತೆ ಮಾಡಿದಾಗ ಮಾತ್ರ ಉಪಯೋಗ ಅಂತ ಆಗ ವಿವರಿಸಿದರು. ನಿಮ್ಮ ಮನೇಲಿ ಅಂಥದ್ದು ಇಲ್ಲವಲ್ಲ, ಅಲ್ಲಿಗೆ ಅದು ದಂಡ, ಬಂದ್ ಮಾಡಿಬಿಡುತ್ತೇನೆ ಅಂತ ಗುಂಡಿಯನ್ನು ಎಂನಲ್ಲಿ ನಿಲ್ಲಿಸಿ, ಮೇಲೆ ಬೆಳ್ಳಿಬಣ್ಣದ ಚಿಕ್ಕ ಸೀಲು ಅಂಟಿಸಿದರು. ಈ ಸೀಲು ಕಿತ್ತರೆ ವಾರಂಟಿ ವಾಯ್ಡ್ ಆಗುತ್ತೆ, ನೆನಪಿರಲಿ, ಆಮೇಲೆ ನಮ್ಮನ್ನು ಕೇಳೋ ಹಾಗಿಲ್ಲ ಅಂದರು. ನಲ್ ಅಂಡ್ ವಾಯ್ಡ್ ಅಂತ ನಾನು ಪೂರ್ತಿ ಮಾಡಿದೆ. ಕಾಲೇಜಿನಲ್ಲಿ ಓದಿದ್ದರಲ್ಲಿ ಈ ಥರದ ಜೋಡಿಪದಗಳು ಮಾತ್ರ ಉಳಿದಿವೆ. ವಾಪಸು ಬರುವಾಗ ಮೇಷ್ಟ್ರು, ಈಗ ನೆಮ್ಮದಿ ತಾನೆ ಅಂಕಲ್, ಅಂತ ಎರಡು ಸಲ ಕೇಳಿದರು.

ಅದೇ ದಿನ ಅವರೇ ನನ್ನ ಮಗಳಿಗೂ ಫೋನ್ ಮಾಡಿದ್ದರಂತೆ. ಹದಿನೈದನೇ ತಾರೀಕು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗಳು ಬಂದು, ಅಪ್ಪಾ, ಅಮ್ಮನ ಧ್ವನಿ ಕೇಳಿಸುತ್ತಾ ನಿಮಗೆ, ಅಂತ ಮೆಲ್ಲಗೆ ಕೇಳಿದಳು. ಅಮ್ಮನದಲ್ಲ ಕಣೇ, ಪಕ್ಕದ ಮನೆಯವರದು ಅಂದೆ. ಅವಳು ಅದಕ್ಕೆ ಇನ್ನೂ ಹೆದರಿದ ಹಾಗೆ ಕಂಡಿತು. ನಾಲ್ಕು ದಿನ ನಮ್ಮಲ್ಲಿ ಇರಿ, ಮೊಮ್ಮಗಳ ಗಲಾಟೆಯಲ್ಲಿ ಬೇರೇನೂ ಕೇಳಿಸೋದಿಲ್ಲ ಅಂತ ಕರೆದುಕೊಂಡು ಹೋದಳು. ನನ್ನ ಮನೆಗೆ ನಾನೇ ಬೀಗ ಹಾಕಿ, ಇರುವ ಒಂದೇ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಮಗಳ ಮನೆ ನನ್ನ ಮನೆಯಿಂದ ಹನ್ನೊಂದು ಕಿಲೋಮೀಟರ್. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ ಅಲ್ಲಿಯೇ ಇದ್ದೆ. ಗುರುವಾರ, ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಅಳಿಯ ನನ್ನನ್ನು ವಾಪಸು ಬಿಟ್ಟರು. ಬೀಗ ಹಾಕಿದ ಹಾಗೇ ಇತ್ತು.

ಮಧ್ಯಾಹ್ನ ಊಟ ಮಾಡಿ ಮಂಚದ ಮೇಲೆ ಕೂತೆ. ಫ್ಯಾನಿನ ಸದ್ದು ಚೆನ್ನಾಗಿ ಕೇಳಿಸಿತು. ಬೀದಿಯಲ್ಲಿ ಯಾರೋ ಡ್ರಮ್ಮು ಉರುಳಿಸಿದ್ದು ಕೇಳಿಸಿತು. ಮೆಷಿನ್ ತನ್ನ ಕೆಲಸ ಲೋಪವಿಲ್ಲದೆ ಮಾಡುತ್ತಿತ್ತು. ಆದರೂ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ನನಗೆ ನೆನಪಾದದ್ದನ್ನು ಬರೆಯುತ್ತೇನೆ, ಪೇದೆಯವರು ಪುರಾಣ ಅಂದರೂ ಸರಿ.

ಬಿ.ಕಾಂ. ಎರಡನೇ ವರ್ಷದಲ್ಲಿ ಮರ್ಕೆಂಟೈಲ್ ಲಾ ಅಂತ ಒಂದು ಪೇಪರ್ ಇತ್ತು. ವಾರಂಟಿಯಲ್ಲಿ ಎರಡು ಬಗೆ. ಒಂದು ಬರೆದುಕೊಟ್ಟದ್ದು. ಇನ್ನೊಂದು ಇಂಪ್ಲೈಡ್, ಅಂದರೆ ಯಾರೂ ಬರೆಯದೇ ಇದ್ದರೂ ಕೊಟ್ಟ ಹಾಗೇ ಲೆಕ್ಕ. ಆ ಎರಡನೆಯದರಲ್ಲಿ ಕ್ವಯಟ್ ಪೊಸೆಷನ್ ಅಂತ ಒಂದು ಬರುತ್ತಿತ್ತು, ಕೊಂಡವನನ್ನು ಆ ವಸ್ತುವಿನ ವಿಷಯದಲ್ಲಿ ಬೇರೆ ಯಾರೂ ಕಾಡಬಾರದು ಅನ್ನುವ ಅರ್ಥ. ಮತ್ತೊಂದು, ಫಿಟ್‌ನೆಸ್ ಫಾರ್ ಪರ್ಪಸ್. ಯಾವ ಕೆಲಸಕ್ಕೆ ಅಂತ ಹೇಳಿ ಕೊಂಡೆಯೋ ಆ ಕೆಲಸಕ್ಕೆ ಅದು ಒದಗಬೇಕು. ಮುಂದಿನ ಸಾಲುಗಳು ಮರೆತುಹೋಗಿವೆ. ಆದರೆ ನಾನು ಮೆಷಿನ್ ಕೊಂಡದ್ದು ಯಾವ ಕೆಲಸಕ್ಕೆ? ಯಾರಾದರೂ ಮಾತಾಡಿದರೆ ಕೇಳಿಸಲಿ ಅಂತ. ಒಬ್ಬರು ಮಾತಾಡಿದರು, ಅದು ಕೇಳಿಸಿತು. ಕೇಳಿಸಿದ್ದನ್ನು ದೋಷ ಅಂತ ಬರೆದು, ಧರ್ಮಕ್ಕೆ ರಿಪೇರಿ ಮಾಡಿ, ಸೀಲು ಹಾಕಿ ಕಳಿಸಿದರು, ನಾನು ಥ್ಯಾಂಕ್ಸ್ ಹೇಳಿ ಬಂದೆ. ಕಂಪನಿಯ ಕಾರ್ಡಿನಲ್ಲಿ ಯಾವುದಕ್ಕೆ ವಾರಂಟಿ ಇಲ್ಲ ಅಂತ ಉದ್ದಕ್ಕೆ ಇದೆ: ನೀರು ಬಿದ್ದರೆ, ಕೆಳಗೆ ಬಿದ್ದರೆ, ನಾಯಿ ಕಚ್ಚಿದರೆ, ಕಿವಿಗುಗ್ಗೆ ತುಂಬಿದರೆ. ಕೇಳಬಾರದವರ ಮಾತು ಕೇಳಿಸಿದರೆ ಅಂತ ಎಲ್ಲೂ ಇಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಪತ್ನಿಯ ಹೇರ್‌ಪಿನ್ ತೆಗೆದುಕೊಂಡು ಸೀಲು ಎಬ್ಬಿಸಿದೆ. ಅರ್ಧ ಹರಿದು ಬಂತು. ಗುಂಡಿಯನ್ನು ಟಿಗೆ ಸರಿಸಿದೆ.

ಈ ಸಲ ಮೊದಲು ಬಂದದ್ದು ಗಂಡಸಿನ ಧ್ವನಿ, ಡ್ರೈವಿಂಗ್ ಮೇಷ್ಟ್ರದು. ಅವರು ಊಟಕ್ಕೆ ಮನೆಗೆ ಬರುವ ಹೊತ್ತು. ಕಲಿಯುವವರಿಗೆ ಹೇಳಿಕೊಡುವ ಅದೇ ಸಮಾಧಾನದ ಧ್ವನಿ. ಅವರು ಹೇಳಿದ್ದು, ನೆನಪಿರುವಷ್ಟು ಅವರ ಮಾತಿನಲ್ಲೇ: ಅಕ್ಕಾ, ಅನ್ನ ಯಾಕೆ ಹಾಗೇ ಬಿಟ್ಟಿದ್ದೀಯ. ನಾನು ಎಲ್ಲರಿಗೂ ನೀನು ಊರಿಗೆ ಹೋಗಿದ್ದೀಯ ಅಂತ ಹೇಳಿದ್ದೀನಿ. ಈಗ ನೀನು ಇಲ್ಲಿದ್ದರೆ ನಾನು ಸುಳ್ಳು ಹೇಳಿದ ಹಾಗೆ ಆಗಲ್ವಾ. ಒಂದು ಸಹಿ, ಮನೆ ನನ್ನ ಹೆಸರಿಗೆ. ಹಾಕು, ಊರಿಂದ ಬಂದುಬಿಡು. ಅಕ್ಕನ ಧ್ವನಿ, ನಾನು ಹೋಗೇ ಇಲ್ಲವಲ್ಲೋ, ಅಂತು. ಅದಕ್ಕೆ ಅವರು ನಕ್ಕರು. ಆಮೇಲೆ, ಪಕ್ಕದ ಮನೆ ಅಂಕಲ್ ಮೆಷಿನ್ ರಿಪೇರಿ ಆಯ್ತು ಅಕ್ಕಾ, ವಾರಂಟಿ ಇತ್ತು, ಇನ್ನು ಅವರಿಗೆ ಕೇಳಿಸೋದಿಲ್ಲ, ಸುಮ್ಮನೆ ಗಂಟಲು ನೋಯಿಸಿಕೊಳ್ಳಬೇಡ, ಅಂದರು. ಬಾಗಿಲು ಹಾಕಿದ್ದು, ಚಿಲಕ, ಬೀಗ, ಎಲ್ಲ ನನ್ನ ಕಿವಿಯೊಳಗೇ ಆಯಿತು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಹಲೋ ಅಂದರು. ಇವತ್ತು ತಡ ಮಾಡಿದಿರಿ, ಅಂದರು. ನಾನು ಮಗಳ ಮನೆಗೆ ಹೋಗಿ ದಿನ ಕಳೆದದ್ದಕ್ಕೆ ಹಾಗನ್ನುತ್ತಾರೆ ಅಂತ ತಿಳಿದು, ಗೋಡೆಗೆ ಮೂರು ಸಲ ತಟ್ಟಿದೆ. ಹ್ಞಾ, ಸಿಕ್ಕಿತು ಲೈನು, ಅಂದರು. ನನಗೆ ಅವರ ಮಾತು ಕೇಳುತ್ತದೆ, ಅವರಿಗೆ ನನ್ನದು ಕೇಳುವುದಿಲ್ಲ. ಬರುತ್ತೇನೆ ಅನ್ನುವುದನ್ನು ಗೋಡೆಗೆ ಹೇಗೆ ತಟ್ಟಬೇಕೋ ತಿಳಿಯಲಿಲ್ಲ.

ಆ ಸಂಜೆಯೇ ಹೊರಡಬೇಕೆಂದಿದ್ದೆ. ಫೋನಿನಲ್ಲಿ ನನಗೆ ಸರಿಯಾಗಿ ಕೇಳಿಸುವುದಿಲ್ಲ, ನಡೆದೇ ಬರಬೇಕು. ಆದರೆ ಮೇಷ್ಟ್ರು ಕತ್ತಲಾಗುವವರೆಗೆ ಕೆಳಗಿನ ಅಂಗಳದಲ್ಲೇ ಒಬ್ಬ ಹೆಂಗಸಿಗೆ ರಿವರ್ಸ್ ಹೇಳಿಕೊಡುತ್ತಿದ್ದರು. ನಾನು ಕಿಟಕಿಗೆ ಬಂದಾಗಲೆಲ್ಲ ಕೈ ಬೀಸಿದರು. ನಾನೂ ಬೀಸಿದೆ.

ಇವತ್ತು, ಇಪ್ಪತ್ತನೇ ತಾರೀಕು ಶುಕ್ರವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ನಾನು ಚಪ್ಪಲಿ ಹಾಕುವಾಗ ಮೇಷ್ಟ್ರು ಬಾಗಿಲಿಗೇ ಬಂದರು. ಎಲ್ಲಿಗೆ ಅಂಕಲ್ ಅಂತ ಕೇಳುತ್ತಾ, ಕಿವಿಯ ಹಿಂದೆ ಕಣ್ಣು ಹಾಯಿಸಿದರು. ಅಯ್ಯೋ, ಸೀಲು ಹರಿದಿದೆಯಲ್ಲ, ಅಂದರು. ನವೆ ಆಗಿ ಕೆರೆದುಕೊಂಡೆ ಅಂದೆ. ಅವರು ನನ್ನ ಮುಖವನ್ನೇ ನೋಡುತ್ತಾ, ಪರವಾಗಿಲ್ಲ, ತಾನಾಗಿ ಹರಿಯಿತು ಅಂತ ನಾನು ಹೇಳುತ್ತೇನೆ, ನನ್ನ ಮಾತು ಕೇಳುತ್ತಾರೆ, ಈ ಮೆಷಿನ್ನೇ ಬೇಡ, ಗುಂಡಿ ಇಲ್ಲದ ಬೇರೆ ಕೊಡಿಸೋಣ, ತಿಂಗಳ ಕೊನೆಗೆ ವಾರಂಟಿ ಮುಗಿಯುತ್ತಲ್ಲ, ಬನ್ನಿ ಈಗಲೇ, ಅಂತ ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿದರು. ಬಿಗಿಯಾಗಿ ಹಿಡಿಯಲಿಲ್ಲ. ಬಿಡಲೂ ಇಲ್ಲ.

ಸ್ಕೂಟರ್ ಅಲ್ಲ, ಸ್ಕೂಲಿನ ಕಾರಿನಲ್ಲಿ ಹೊರಟೆವು. ಅದರಲ್ಲಿ ಎರಡು ಕಡೆಯೂ ಬ್ರೇಕು ಇರುತ್ತದೆ. ಅವರು ಓಡಿಸುತ್ತಿದ್ದರು, ಮೇಷ್ಟ್ರು ಕೂರುವ ಜಾಗದಲ್ಲಿ ನಾನು. ಕಾಲು ಹಿಂದಕ್ಕೆ ಇಟ್ಟುಕೊಳ್ಳಿ ಅಂಕಲ್, ನಿಮ್ಮ ಕಡೆಯ ಪೆಡಲ್ಲೂ ಕೆಲಸ ಮಾಡುತ್ತೆ, ಅಂದರು. ದಾರಿ ಈ ಠಾಣೆಯ ಮುಂದೆಯೇ ಹೋಗುತ್ತದೆ. ಠಾಣೆಯ ಗೇಟು ಕಂಡಾಗ ನಾನು ಆ ಪೆಡಲನ್ನು ಎರಡೂ ಕಾಲಿನಿಂದ ಒತ್ತಿದೆ. ಕಾರು ನಿಂತಿತು, ಹಿಂದಿನ ಆಟೋ ತಾಗಿತು. ಆಟೋದವನು ಇಳಿದು ಬಂದು, ಓಡಿಸೋದು ಕಲಿಸೋರಿಗೇ ಓಡಿಸೋಕೆ ಬರಲ್ವಲ್ಲಪ್ಪಾ ಅಂತ ಬೈಯುವಷ್ಟರಲ್ಲಿ ನಾನು ಇಳಿದು ಒಳಗೆ ಬಂದೆ. ಆಗ ಗೋಡೆಯ ಗಡಿಯಾರದಲ್ಲಿ ಒಂಬತ್ತು ಐವತ್ತು.

ಪಕ್ಕದ ಮನೆಯಲ್ಲಿ ಅಕ್ಕನನ್ನು ಕೂಡಿಹಾಕಿದ್ದಾರೆ ಅಂತ ನಾನು ಹೇಳುವಷ್ಟರಲ್ಲಿ ಹಿಂದೆಯೇ ಮೇಷ್ಟ್ರೂ ಬಂದರು. ಎಸ್ಸೈ ಮೇಡಂ ಅವರಿಗೆ ಕೈ ಮುಗಿದು, ಆಂಟಿ ತೀರಿಕೊಂಡ ಮೇಲೆ ಅಂಕಲ್ ಸ್ವಲ್ಪ ಹೀಗೆ, ಮೆಷಿನ್ನಿನಲ್ಲಿ ಧ್ವನಿ ಕೇಳಿಸುತ್ತೆ ಅಂತಾರೆ, ಮಗಳಿಗೂ ಗೊತ್ತಿದೆ, ವಾರಂಟಿಯಲ್ಲಿ ರಿಪೇರಿಗೆ ಹೋಗ್ತಿದ್ದೆವು, ಅಂದರು. ಎಸ್ಸೈ ಮೇಡಂ ನನ್ನ ಮೆಷಿನ್ನನ್ನು ತಮ್ಮ ಕಿವಿಗೆ ಹಿಡಿದು ಟಿಗೆ ಹಾಕಿ ನೋಡಿದರು. ಇಲ್ಲಿ ಏನೂ ಕೇಳಿಸಲಿಲ್ಲ. ಮೆಷಿನ್ ವಾಪಸು ಕೊಟ್ಟು, ನಾನು ಹಾಕಿಕೊಂಡ ಮೇಲೆ, ಏನೂ ಇಲ್ಲವಲ್ಲ ಯಜಮಾನರೇ, ಅಂದರು. ಅಲ್ಲಿ ಕೇಳಿಸುತ್ತೆ ಮೇಡಂ, ನನ್ನ ಮಂಚದ ಹತ್ತಿರ, ಅಂದೆ, ಅಂದಾಗಲೇ ನನಗೆ ತಿಳಿಯಿತು ಇದು ಎಂಥ ಮಾತಾಯಿತೆಂದು. ಪೇದೆಯೊಬ್ಬರು ತಿರುಗಿ ನಿಂತು ನಕ್ಕರು.

ಎಸ್ಸೈ ಮೇಡಂ ನಗಲಿಲ್ಲ. ನಿಮ್ಮ ಅಕ್ಕನ ಹತ್ತಿರ ಮಾತಾಡಿಸಿ, ಅಂತ ಮೇಷ್ಟ್ರಿಗೆ ಹೇಳಿದರು. ಅವರಿಗೆ ಫೋನ್ ಕೇಳಿಸೋದಿಲ್ಲ ಅಂತ ಮೇಷ್ಟ್ರು ಅಂದರು. ಚಿಕ್ಕಮ್ಮನ ಹತ್ತಿರ ಮಾತಾಡಿಸಿ ಅಂತ ಮೇಡಂ ಅಂದರು. ಫೋನು ಕಾರಿನಲ್ಲಿದೆ, ತರುತ್ತೇನೆ ಅಂತ ಮೇಷ್ಟ್ರು ಎದ್ದರು. ಕೂತ್ಕೊಳ್ಳಿ, ಕೀ ಕೊಡಿ, ನಮ್ಮವರು ತರುತ್ತಾರೆ, ಅಂತ ಮೇಡಂ ಅಂದರು. ಮೇಷ್ಟ್ರು ಗೊಂಚಲನ್ನು ಮೇಜಿನ ಮೇಲೆ ಇಟ್ಟರು. ಅಷ್ಟರಲ್ಲಿ ಅವರ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕಲಿಯುವವರು ಯಾರೋ ಎಷ್ಟು ಹೊತ್ತಿಗೆ ಬರಲಿ ಅಂತ ಕೇಳುತ್ತಿದ್ದರು. ಎಸ್ಸೈ ಮೇಡಂ ಟೋಪಿ ಹಾಕಿಕೊಂಡರು.

ಹತ್ತು ಮೂವತ್ತೈದಕ್ಕೆ ಜೀಪಿನಲ್ಲಿ ಮನೆಗೆ ಹೋದೆವು. ಮೇಷ್ಟ್ರ ಮನೆಯ ಮುಂದಿನ ಕೋಣೆ ಗುಡಿಸಿ ಸಾರಿಸಿದ ಹಾಗೆ ಚೊಕ್ಕಟವಾಗಿತ್ತು. ನನ್ನ ಕೋಣೆಗೆ ಬೆನ್ನು ಕೊಟ್ಟಿರುವ ಒಳಕೋಣೆಗೆ ಹೊರಗಿನಿಂದ ಹೊಸ ಚಿಲಕ, ಅದಕ್ಕೆ ಬೀಗ. ಸ್ಟೋರ್ ರೂಮು ಮೇಡಂ, ಇಲಿ ಕಾಟ, ಅಂತ ಮೇಷ್ಟ್ರು ಹೇಳುತ್ತಿದ್ದರು. ನಾನು ಗುಂಡಿಯನ್ನು ಟಿಗೆ ಸರಿಸಿದೆ. ಅವರ ತುಟಿ ಅಲುಗುತ್ತಿತ್ತು, ಧ್ವನಿ ಹೋಗಿತ್ತು. ಮುಚ್ಚಿದ ಬಾಗಿಲಿನ ಆಚೆಯಿಂದ, ನನ್ನ ಕಿವಿಯೊಳಗೆ, ಹಲೋ, ಅಂತು. ನಾನು ಎಸ್ಸೈ ಮೇಡಂಗೆ ಕೈಸನ್ನೆ ಮಾಡಿ ಮೆಷಿನ್ ಬಿಚ್ಚಿ ಕೊಟ್ಟೆ. ಅವರು ಕಿವಿಗೆ ಹಿಡಿದರು. ಅವರ ಮುಖ ಬಿಳುಪಾದದ್ದನ್ನು ನಾನು ಕಣ್ಣಾರೆ ಕಂಡೆ. ಗೊಂಚಲಿನಲ್ಲಿ ಆ ಬೀಗದ ಕೈ ಹುಡುಕುವಾಗ ಅವರಿಗೆ ಎರಡು ಸಲ ತಪ್ಪಿತು.

ಅಕ್ಕ ಒಳಗೆ ಮಂಚದ ಮೇಲೆ ಗೋಡೆಗೆ ಅಂಗೈ ಒತ್ತಿಕೊಂಡು ಕೂತಿದ್ದರು. ಬಾಗಿಲು ತೆಗೆದದ್ದು ಅವರಿಗೆ ಗೊತ್ತಾಗಲಿಲ್ಲ, ಬೆನ್ನು ನಮ್ಮ ಕಡೆಗಿತ್ತು. ಅರ್ಧ ಆಳಾಗಿದ್ದರು. ಟಿವಿಯ ಮುಂದೆ ಒಂದು ಚಿಕ್ಕ ಮೈಕು, ಅದರಿಂದ ಗೋಡೆಯ ಬುಡದಲ್ಲಿ ಕೋಣೆಯ ಸುತ್ತಲೂ ವೈರು. ಎಕ್ಸ್‌ಚೇಂಜಿನ ಅವರ ಜೊತೆಯ ಮೆಕ್ಯಾನಿಕ್‌ಗಳು, ಅಕ್ಕನ ಕಿವಿ ಮೆಷಿನ್ನಿನಲ್ಲಿ ಟಿವಿ ನೇರ ಕೇಳಲಿ ಅಂತ, ರಿಟೈರ್ ಆದಾಗ ಹಾಕಿಕೊಟ್ಟದ್ದಂತೆ. ನಾನು ಹಿಂದೆ ಆ ವೈರು ನೋಡಿದ್ದೆ, ಇರುವೆಗೆ ಏನೋ ಮಾಡಿದ್ದಾರೆ ಅಂದುಕೊಂಡಿದ್ದೆ. ಸಭಾಂಗಣದ ವೈರಿನ ಹಾಗೆಯೇ ಇದು, ಇದರ ಪ್ರಭಾವ ಗೋಡೆ ದಾಟಿ ನನ್ನ ಮಂಚದವರೆಗೆ ಬರುತ್ತಿತ್ತು. ಅಕ್ಕ ಹಗಲು ಹೊತ್ತು ಬೇಸರಕ್ಕೆ ಟಿವಿ ಆರಿಸಿ, ಆ ಮೈಕಿನ ಮುಂದೆ, ಹಳೆಯ ಕೆಲಸದ ಹಾಗೆ, ಲೈನು ಹುಡುಕುತ್ತಿದ್ದರು. ತಮ್ಮನೂ ಅವರಿಗೆ ಕೇಳಲಿ ಅಂತ ಅದೇ ಮೈಕಿನಲ್ಲಿ ಮಾತಾಡಬೇಕಿತ್ತು. ಇಷ್ಟು ಈಗ ಎಲ್ಲರಿಗೂ ಅರ್ಥವಾಗಿದೆ.

ಮೇಷ್ಟ್ರನ್ನು ಕೆಳಗೆ ಕರೆದುಕೊಂಡು ಹೋದರು. ಎಸ್ಸೈ ಮೇಡಂ ಮೆಷಿನ್ ವಾಪಸು ಕೊಟ್ಟು, ಆಂಬುಲೆನ್ಸ್ ಬರುವವರೆಗೆ ಅಕ್ಕನನ್ನು ಮಾತಾಡಿಸಿ ಅಂತ ನನಗೆ ಹೇಳಿದರು. ನಾನು ಮೈಕು ಕೈಗೆ ತೆಗೆದುಕೊಂಡು, ಪಕ್ಕದ ಮನೆಯವನು ಅಕ್ಕಾ, ಅಂದೆ. ನನ್ನ ಧ್ವನಿ ನನ್ನ ಕಿವಿಯೊಳಗೂ ಬಂತು. ಅಕ್ಕ ನನ್ನ ಕೈ ನೋಡಿ, ಗೋಡೆ ತಟ್ಟುತ್ತಿದ್ದವರು ನೀವಾ, ಅಂದರು. ಹೌದು ಅಂದೆ. ಭಾನುವಾರದಿಂದ ಒಂದು ದಿನವೂ ತಪ್ಪಿಸಲಿಲ್ಲ ನೀವು, ಅದಕ್ಕೇ ಸಹಿ ಹಾಕಲಿಲ್ಲ ನಾನು, ಅಂದರು.

ನಾಲ್ಕು ದಿನ ನಾನು ಮನೆಯಲ್ಲಿ ಇರಲಿಲ್ಲ ಅಕ್ಕಾ, ಭಾನುವಾರದಿಂದ ಬುಧವಾರದವರೆಗೆ ಮಗಳ ಮನೆಯಲ್ಲಿದ್ದೆ, ಮನೆಗೆ ಬೀಗ ಹಾಕಿತ್ತು, ಅಂದೆ. ಅಕ್ಕ ಇಲ್ಲ ಅಂತ ತಲೆಯಾಡಿಸಿದರು. ಆ ನಾಲ್ಕು ದಿನವೇ ಚೆನ್ನಾಗಿ ತಟ್ಟಿದ್ದು, ಅಂದರು. ನೀವು ಮೊದಲ ದಿನ ತಟ್ಟಿದ್ದೂ ನಿನ್ನೆ ತಟ್ಟಿದ್ದೂ ಅಳುಕುತ್ತಾ ತಟ್ಟಿದ್ದು, ಮೂರೇ ಸಲ. ಆ ದಿನಗಳಲ್ಲಿ ಹಾಗಲ್ಲ, ಅಂಗೈಯಿಂದ, ನಾನು ಮಾತಾಡಿದ್ದಕ್ಕೆಲ್ಲ, ಬೆಳಿಗ್ಗೆಯಿಂದ. ಸಿಟ್ಟಿನ ಕೈ. ಸುಮ್ಮನಿರಬೇಡ ಅಂತ ಗದರಿಸಿದ ಹಾಗೆ.

ಇದನ್ನು ಎಸ್ಸೈ ಮೇಡಂ ಕೇಳಿಸಿಕೊಂಡರು. ನನ್ನ ಮನೆಯ ಬೀಗ, ಕಿಟಕಿ, ಮೇಲ್ಛಾವಣಿ ಎಲ್ಲ ನೋಡಿದರು. ಮಗಳಿಗೆ ಫೋನ್ ಮಾಡಿ ನಾನು ಅಲ್ಲಿದ್ದದ್ದು ನಿಜವೆಂದು ಖಾತ್ರಿ ಮಾಡಿಕೊಂಡರು. ಮಂಚದ ಪಕ್ಕದ ಗೋಡೆಯಲ್ಲಿ ಕೂತವರ ಭುಜದ ಎತ್ತರಕ್ಕೆ ಸುಣ್ಣ ಅಂಗೈಯಗಲ ಉದುರಿತ್ತು, ಪುಡಿ ಹಾಸಿಗೆಯ ಮೇಲೆ ಬಿದ್ದಿತ್ತು. ನಿನ್ನೆ ಮಧ್ಯಾಹ್ನ ನಾನು ಅಲ್ಲಿ ಕೂತಾಗ ಅದು ಇತ್ತೋ ಇಲ್ಲವೋ ನಾನು ಗಮನಿಸಿಲ್ಲ. ನಾನು ತಟ್ಟಿದ್ದು ಅಲ್ಲಲ್ಲ, ಅದಕ್ಕಿಂತ ಎರಡು ಗೇಣು ಬಲಕ್ಕೆ; ಸುಣ್ಣ ಉದುರಿದ್ದು ನನ್ನ ಪತ್ನಿ ಕೂರುತ್ತಿದ್ದ ಕಡೆ. ಯಾರ ಮೇಲಾದರೂ ಅನುಮಾನ ಇದೆಯೇ ಅಂತ ಮೇಡಂ ಕೇಳಿದರು. ಇಲ್ಲ ಅಂದೆ.

ಮೇಲೆ ಬರೆದದ್ದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಎಲ್ಲಕ್ಕೂ, ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಇನ್ನೊಂದು ಪದ, ನಾನೇ ವಾರಂಟಿ ಕೊಡುತ್ತೇನೆ. ಸೀಲು ಒಡೆದದ್ದು ನಾನೇ, ಕಂಪನಿಯ ಮೇಲೆ ನನ್ನ ದೂರಿಲ್ಲ. ಆ ನಾಲ್ಕು ದಿನದ ತಟ್ಟುವಿಕೆ ಮಾತ್ರ ನನ್ನ ವಾರಂಟಿಯಲ್ಲಿ ಸೇರಿಲ್ಲ. ಓದಿ ನೋಡಿ, ಸರಿಯಿದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಮುಂದಿನ ಕೋಣೆ
ದಿನಾಂಕ: ಇಪ್ಪತ್ತು, ಶುಕ್ರವಾರ, ಸಂಜೆ ಐದು ಗಂಟೆ
(ಸಹಿ)